ಕ್ಯಾಮೆರಾಕ್ಕೆಂದು ಕಟ್ಟಿದ ಗೋಡೆ

ಸೆಟ್ ಮೇಸ್ತ್ರಿಗೆ ಭಯವೆನ್ನುವುದು ಹುಟ್ಟಿನಿಂದಲೇ ಅಂಟಿಕೊಂಡು ಬಂದದ್ದು. ಮನೆಯಿಂದ ಹೊರಟವನು ಬೀದಿಯ ತಿರುವಿನವರೆಗೂ ಹೋಗಿ, ಬೀಗ ಹಾಕಿದೆನೋ ಇಲ್ಲವೋ ಎಂದು ತಿರುಗಿ ಬಂದು ಜಗ್ಗಿ ನೋಡುವ ಆಸಾಮಿ. ಹೆಂಡತಿ ಗ್ಯಾಸ್ ಆರಿಸಿ ಬಂದ ಮೇಲೂ ಒಮ್ಮೆ ಅಡುಗೆಮನೆಗೆ ಹೋಗಿ ಮೂಗು ಚಾಚದಿದ್ದರೆ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ. "ನಮ್ಮ ಮನೇಲಿ ಗಡಿಯಾರ ಬೇಡ, ಇವರ ಎದೆ ಬಡ್ಕೊಳ್ಳೋದೇ ಸಾಕು" ಎಂದು ಅವಳು ನೆಂಟರ ಮುಂದೆ ನಗಾಡುತ್ತಿದ್ದಳು. ಮಗಳೂ ಅಮ್ಮನ ಪಕ್ಷವೇ. ಅವನೂ ನಗುತ್ತಿದ್ದ. ತನ್ನ ಭಯವನ್ನು ಮನೆಯವರು ನಂಬದೆ ಇದ್ದುದರಲ್ಲಿ ಅವನಿಗೊಂದು ನೆಮ್ಮದಿಯಿತ್ತು.

ಅಂಥವನು ಹಿಡಿದ ಕೆಲಸ ಸುಳ್ಳು ಗೋಡೆ ಕಟ್ಟುವುದು. ಮೊದಲು ಅಂಗಡಿಗಳ ಬೋರ್ಡು, ವಾಹನಗಳ ನಂಬರು ಬರೆದುಕೊಂಡಿದ್ದ. ಊರಿನ ಗುಡ್ಡ, ಕಣಿವೆ, ಹಳೆಯ ಬೀದಿಗಳ ಮೇಲೆ ಸಿನಿಮಾದವರ ಕಣ್ಣು ಬಿದ್ದ ಮೇಲೆ ಅವರ ಸೆಟ್ಟಿನ ಕೆಲಸಕ್ಕೆ ಸೇರಿದ. ಮರದ ಪಟ್ಟಿಗಳ ಚೌಕಟ್ಟು, ಅದಕ್ಕೆ ಪ್ಲೈವುಡ್ಡು, ಮೇಲೆ ಥರ್ಮೋಕೋಲ್ ಕೊರೆದು ಅಂಟಿಸಿದ ಕಲ್ಲುಗಳು, ಅವುಗಳ ಮೇಲೆ ತೆಳ್ಳಗೆ ಪ್ಲಾಸ್ಟರ್, ಆಮೇಲೆ ಬಣ್ಣ. ಸ್ಪಾಂಜನ್ನು ಹಸಿರಿನಲ್ಲಿ ಅದ್ದಿ ಅವನು ಒತ್ತಿದರೆ ಸಾಕು, ನೂರು ವರ್ಷದ ಪಾಚಿ ಕಣ್ಣೆದುರೇ ಬೆಳೆಯುತ್ತಿತ್ತು. ಈ ಕೆಲಸದ ಧರ್ಮವೇ ಹಾಗೆ: ಗೋಡೆ ನಿಲ್ಲಬೇಕಾದದ್ದು ನಿರ್ದೇಶಕ "ಕಟ್" ಅನ್ನುವವರೆಗೆ ಮಾತ್ರ. ಮರುದಿನ ಅದು ಲಾರಿಯಲ್ಲಿ ತುಂಡು ತುಂಡಾಗಿ ಬಿದ್ದಿರುತ್ತದೆ.

ಗುಡ್ಡದ ತುದಿಯ ಗೋಡೆಯೂ ಹಾಗೇ ಹೋಗಬೇಕಿತ್ತು.

ಅಲ್ಲಿ ಮೊದಲು ಕಬ್ಬಿಣದ ಪೈಪಿನ ಕಟಕಟೆಯೊಂದಿತ್ತು. ನೋಡಲು ಕುರೂಪ, ಆದರೆ ಆನೆ ಒರಗಿದರೂ ಅಲ್ಲಾಡುವಂಥದ್ದಲ್ಲ. ಕ್ಯಾಮೆರಾದ ಚೌಕಟ್ಟಿನಲ್ಲಿ ಅದು ಕಾಣಬಾರದು ಎಂದು ನಿರ್ದೇಶಕ ಹೇಳಿದ. ಮೇಸ್ತ್ರಿಯೇ ಬೋಲ್ಟು ಬಿಚ್ಚಿದ, ಅದೇ ಜಾಗದಲ್ಲಿ ಎದೆಯೆತ್ತರದ ಹಳೇ ಕಲ್ಲಿನ ಗೋಡೆ ಎಬ್ಬಿಸಿದ. ನಾಯಕಿ ಅದಕ್ಕೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ, ಕಣಿವೆಯ ಕಡೆಗೆ ವಾಲುತ್ತಾಳೆ. ಸಿನಿಮಾ ಓಡಿತು. ಅದಕ್ಕಿಂತ ಹೆಚ್ಚು ಆ ಭಂಗಿ ಓಡಿತು. ಊರೂರಿನಿಂದ ಜೋಡಿಗಳು, ಸಂಸಾರಗಳು, ಮದುವೆ ಫೋಟೋದವರು ಬಂದು ಬಂದು ಆ ಗೋಡೆಗೆ ಒರಗಿ ಕೈ ಚಾಚತೊಡಗಿದರು.

ಊರಿನಲ್ಲೊಂದು ಪ್ರವಾಸ ಮತ್ತು ಚಿತ್ರೀಕರಣ ಪ್ರೋತ್ಸಾಹ ಸಮಿತಿ ಹುಟ್ಟಿಕೊಂಡಿತ್ತು. ಅದರ ಅಧ್ಯಕ್ಷನನ್ನು ಎಲ್ಲರೂ ಮೈಕ್ ಅಣ್ಣ ಅನ್ನುತ್ತಿದ್ದರು. ಮೈಕು ಕಂಡಲ್ಲಿ ಆತ ಸುಮ್ಮನೆ ಹಾದುಹೋದ ಉದಾಹರಣೆಯಿಲ್ಲ. ಗೋಡೆ ಬಿಚ್ಚಲು ಹೊರಟ ಮೇಸ್ತ್ರಿಯ ಹೆಗಲ ಮೇಲೆ ಕೈ ಹಾಕಿ, "ಮೇಸ್ತ್ರಿ, ನಿಮ್ಮ ಕೈಯಲ್ಲಿರೋದು ಕಲೆ. ಕಲೇನ ಯಾರಾದ್ರೂ ಒಡೀತಾರಾ? ಸ್ವಲ್ಪ ದಿನ ಇರ್ಲಿ ಬಿಡಿ" ಅಂದಿದ್ದ. ಜೀವಮಾನದಲ್ಲಿ ಯಾರೂ ಮೇಸ್ತ್ರಿಗೆ ಆ ಮಾತು ಹೇಳಿರಲಿಲ್ಲ. ಅವನು ಉಬ್ಬಿದ. ಚಿತ್ರತಂಡ ಬಾಡಿಗೆಗೆ ತಂದಿದ್ದ ಕಬ್ಬಿಣದ ಆಸರೆಗಳನ್ನು ವಾಪಸ್ಸು ಒಯ್ದಾಗ, ತಾನೇ ಗೋಡೆಯ ಬುಡಕ್ಕೆ ಮರದ ಗೂಟಗಳನ್ನು ಹೊಡೆದ. ಸ್ವಲ್ಪ ದಿನಕ್ಕೆ ತಾನೆ. ಕಟಕಟೆಯ ಪೈಪುಗಳು ಗುಡ್ಡದ ಕೆಳಗೆ ಸ್ವಾಗತ ಕಮಾನಿನ ಕಂಬಗಳಾದವು. ಜನ ಬೀಳದಂತೆ ಹಿಡಿಯಬೇಕಾದ ಕಬ್ಬಿಣವು ಜನರನ್ನು ಮೇಲಕ್ಕೆ ಕರೆಯುವ ಕೆಲಸಕ್ಕೆ ಬಿತ್ತು. ಸಮಿತಿಯವರಿಗೆ ಇದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ.

ಮಳೆಗಾಲದಲ್ಲಿ ಮೇಸ್ತ್ರಿ ದೂರದ ಊರಿನ ಸೆಟ್ಟಿಗೆ ಹೋಗಿದ್ದ. ತಿರುಗಿ ಬಂದಾಗ ಮಗಳು ಕೊರಳಲ್ಲಿ ಗುರುತಿನ ಚೀಟಿ ತೂಗಿಸಿಕೊಂಡು ನಿಂತಿದ್ದಳು. ಸಮಿತಿಯ ಗೈಡ್ ಆಗಿದ್ದಳು. ಓದು ಮುಗಿಸಿ ಮನೆಯಲ್ಲಿ ಕೂತು ಕೂತು ಸೊರಗಿದ್ದ ಹುಡುಗಿ ಈಗ ಮುಖ ತುಂಬ ನಗುತ್ತಿದ್ದಳು. ಅವಳ ಕೆಲಸವೇನು? ಗುಂಪು ಗುಂಪಾಗಿ ಬಂದವರನ್ನು ಗೋಡೆಯ ಬಳಿಗೆ ಕರೆದೊಯ್ದು, ನಾಯಕಿ ಹೇಗೆ ಒರಗಿದ್ದಳೆಂದು ತಾನು ಒರಗಿ ತೋರಿಸುವುದು. ದಿನವಿಡೀ.

ಮೇಸ್ತ್ರಿ ಹೆಗಲ ಚೀಲ ಇಳಿಸುವುದನ್ನೂ ಮರೆತ.

"ಪುಟ್ಟಿ, ಅದಕ್ಕೆ ಒರಗಬೇಡ. ಪಕ್ಕದಲ್ಲಿ ನಿಂತು ಹೇಳು ಸಾಕು."

"ಶುರುವಾಯ್ತು ನೋಡಮ್ಮ!" ಮಗಳು ತಲೆ ಬಾಚುತ್ತಲೇ ಅಂದಳು. "ಅಪ್ಪ, ಸೆಟ್ಟು ಅಂತ ನಂಗೂ ಗೊತ್ತು. ಮೈಕ್ ಅಣ್ಣ ಒಳಗೆಲ್ಲ ಕಾಂಕ್ರೀಟ್ ತುಂಬಿಸಿದ್ದಾರೆ, ನೀನು ಊರಲ್ಲಿ ಇರ್ಲಿಲ್ಲ ಅಷ್ಟೆ."

"ನೀನು ಕಣ್ಣಾರೆ ನೋಡಿದ್ಯಾ?"

"ನೀನು ಆವತ್ತು ನಾನು ನಲ್ಲಿ ತಿರುಗಿಸಿದ್ರೂ ಪೈಪ್ ಒಡೆಯುತ್ತೆ ಅಂದೆ, ಒಡೀತಾ?"

"ಆ ನಾಯಕಿ ಗೋಡೆಗೆ ಒರಗಿರ್ಲೇ ಇಲ್ಲ ಕಣೇ. ಸೊಂಟಕ್ಕೆ ತಂತಿ ಕಟ್ಟಿತ್ತು. ಎಳೆದು ಹಿಡಿಯೋಕೆ ಆಳುಗಳಿದ್ರು. ಗೋಡೆ ಮೇಲೆ ಅವಳ ಭಾರ ಬೀಳೋಕೇ ಬಿಟ್ಟಿರ್ಲಿಲ್ಲ."

"ಅದಕ್ಕೇ ಈಗ ಕಾಂಕ್ರೀಟ್ ಹಾಕಿರೋದು. ಅಮ್ಮಾ, ಇವರಿಗೆ ಸ್ವಲ್ಪ ಹೇಳು."

ಅಮ್ಮ ಬಾಗಿಲಲ್ಲಿ ಟವೆಲ್ ಹಿಂಡುತ್ತ, "ಅವಳಿಗೆ ಸಿಕ್ಕಿದ ಕೆಲಸಕ್ಕೆ ದೃಷ್ಟಿ ಹಾಕ್ಬೇಡಿ ರೀ. ಇನ್ನು ಅವಳು ಮೂಲೇಲಿ ಕೂತು ಅಳೋದು ನೋಡೋಕೆ ನನ್ನಿಂದಾಗಲ್ಲ" ಅಂದಳು. ಅಲ್ಲಿಗೆ ಮಾತು ಮುಗಿಯಿತು.

ಹೆದರುವವನ ಕಷ್ಟ ಹೆದರದವರಿಗೆ ಗೊತ್ತಾಗುವುದಿಲ್ಲ. ಅವನಿಗೆ ತನ್ನ ಭಯದ ಮೇಲೆಯೇ ನಂಬಿಕೆ ಇರುವುದಿಲ್ಲ. ಇದು ಗೋಡೆಯ ದೋಷವೋ ನನ್ನ ತಲೆಯ ದೋಷವೋ? ಹಾಸಿಗೆಯಲ್ಲಿ ಹೊರಳಿದಾಗಲೆಲ್ಲ ಮೇಸ್ತ್ರಿಗೆ ಆ ಗೂಟಗಳು ನೆನಪಾಗುತ್ತಿದ್ದವು. ಒಂದು ಮಳೆಗಾಲವಿಡೀ ನೆನೆದ ಮರ ಬುಡದಲ್ಲಿ ಹೇಗಾಗಿರುತ್ತದೆ ಎನ್ನುವುದು ನೆನಪಾಗುತ್ತಿತ್ತು. ಊಟಕ್ಕೆ ಕೂತರೆ ಮಗಳ ಬೆನ್ನು ಕಾಣುತ್ತಿತ್ತು. ಬಾಗುತ್ತಿರುವ ಬೆನ್ನು. ಅವನು ಗುಡ್ಡಕ್ಕೆ ಹೋಗಿ ಬೆರಳ ಗೆಣ್ಣಿನಿಂದ ಗೋಡೆ ಬಡಿದು ನೋಡಿದ. ಗುಡ್ಡ ಹತ್ತಿ ಬರುವ ಮೆಟ್ಟಿಲ ಕಡೆಯ ತುದಿ ಗಟ್ಟಿಯಾಗಿ ಕೇಳಿಸಿತು. ನಡುವೆ ಬಡಿದರೆ ಗಾಳಿಯ ಸದ್ದಿಗೆ ಏನೂ ತಿಳಿಯಲಿಲ್ಲ. ಅಷ್ಟರಲ್ಲಿ ಯಾರೋ, "ಅಂಕಲ್, ಸ್ವಲ್ಪ ಸರೀರಿ, ಫ್ರೇಮ್‌ನಲ್ಲಿ ಬರ್ತಿದ್ದೀರ" ಅಂದರು. ಸರಿದ.

ಹೊಸದೊಂದು ಸಿನಿಮಾದವರು ಜಾಗ ನೋಡಲು ಬರುವ ದಿನ ಬಂತು. ಬಣ್ಣ ಮಾಸಿದಲ್ಲಿ ತೀಡಿ ಬರಬೇಕೆಂದು ಮೈಕ್ ಅಣ್ಣ ಮೇಸ್ತ್ರಿಗೆ ಹೇಳಿಕಳಿಸಿದ್ದ. ಬೆಳಿಗ್ಗೆ ಗುಡ್ಡ ಹತ್ತುವಾಗ ಮೇಸ್ತ್ರಿಯ ಚೀಲದಲ್ಲಿ ಬಣ್ಣ, ಬ್ರಷ್ಷುಗಳ ಜೊತೆ ಬ್ಯಾಟರಿ ಡ್ರಿಲ್ಲೂ ಇತ್ತು. ಪ್ರವಾಸಿಗರು ಇನ್ನೂ ಬಂದಿರಲಿಲ್ಲ. ಅವನು ಸುತ್ತ ನೋಡಿ, ಕಳ್ಳನ ಹಾಗೆ ಕುಕ್ಕರಗಾಲಲ್ಲಿ ಕೂತು, ಮೆಟ್ಟಿಲ ಕಡೆಯ ತುದಿಯಲ್ಲಿ ಸಣ್ಣದೊಂದು ತೂತು ಕೊರೆದ.

ಬೂದು ಪುಡಿ ಉದುರಿತು. ಸಿಮೆಂಟು.

ಮೇಸ್ತ್ರಿ ಅಲ್ಲೇ ನೆಲಕ್ಕೆ ಕುಸಿದು ನಕ್ಕುಬಿಟ್ಟ. ತುಂಬಿಸಿದ್ದಾರೆ! ನಿಜವಾಗಿಯೂ ತುಂಬಿಸಿದ್ದಾರೆ! ಮನೆಗೆ ಹೋಗಿ ಹೆಂಡತಿ ಮಗಳ ಮುಂದೆ ಕಿವಿ ಹಿಡಿದುಕೊಳ್ಳಬೇಕು, ಅವರಿಬ್ಬರೂ ಹೊಟ್ಟೆ ಹುಣ್ಣಾಗುವ ಹಾಗೆ ನಗಲಿ ಅಂದುಕೊಂಡ. ಆದರೆ ಬೀಗ ಜಗ್ಗಿ ನೋಡುವ ಚಾಳಿ ಬಿಡಬೇಕಲ್ಲ. ಹೊರಟವನು ನಿಂತ. ತಿರುಗಿ ಬಂದು ಗೋಡೆಯ ನಡುವೆ, ಮಗಳು ಒರಗುವ ಜಾಗದಲ್ಲಿ, ಡ್ರಿಲ್ ಒತ್ತಿದ.

ಅದು ಬೆಣ್ಣೆಯೊಳಗೆ ಹೋದಂತೆ ಹೋಯಿತು. ಎಳೆದರೆ ಮೊನೆಗೆ ಥರ್ಮೋಕೋಲಿನ ಬಿಳಿ ಕಾಳುಗಳು ಅಂಟಿಕೊಂಡು ಬಂದವು.

ಅವನು ಬಗ್ಗಿ ಬುಡದ ಗೂಟವೊಂದನ್ನು ಮುಟ್ಟಿದ. ಅದು ನೆನೆದ ರೊಟ್ಟಿಯ ಹಾಗೆ ಬೆರಳಿಗೆ ಪುಡಿಯಾಯಿತು.

ಸಮಿತಿಯ ಕಚೇರಿಗೆ ಅವನು ಹೇಗೆ ಇಳಿದು ಬಂದನೋ ಅವನಿಗೇ ತಿಳಿಯದು. ಮೈಕ್ ಅಣ್ಣ ಹೂಗುಚ್ಛಗಳನ್ನು ಮೇಜಿನ ಮೇಲೆ ಜೋಡಿಸಿಡುತ್ತಿದ್ದ.

"ಅಣ್ಣಾ, ನಡುವೆ ಕಾಂಕ್ರೀಟ್ ಇಲ್ಲ."

"ಮೆಲ್ಲಗೆ ಮಾತಾಡಿ ಮಾರಾಯ್ರೆ." ಮೈಕ್ ಅಣ್ಣ ಬಾಗಿಲು ಮುಂದೆ ಮಾಡಿದ. "ತುದೀಲಿ ಹಾಕಿಸಿದೆ. ಉಳಿದಿದ್ದಕ್ಕೆ ಮಳೆ ಬಿಡ್ಲಿಲ್ಲ, ಆಮೇಲೆ ಸೀಸನ್ ಶುರುವಾಯ್ತು. ಜಾಗ ಮುಚ್ಚಿ ಕೆಲಸ ಮಾಡಿಸೋಕಾಗುತ್ತಾ?"

"ನನ್ನ ಮಗಳು ದಿನಾ ಅಲ್ಲೇ ಒರಗ್ತಾಳೆ."

"ಇಷ್ಟು ದಿನ ಏನಾದ್ರೂ ಆಯ್ತಾ? ಆಗ್ಲಿಲ್ಲ ತಾನೆ? ಇವತ್ತು ಇವರು ಒಪ್ಪಿ ಹೋಗ್ಲಿ, ಆಮೇಲೆ ನೀವೇ ನಿಂತು ತುಂಬಿಸಿ. ಈಗ ಬಾಯಿ ಬಿಟ್ರೆ ಜಾಗಕ್ಕೆ ಬೀಗ. ಲಾಡ್ಜ್‌ನವರು, ಟ್ಯಾಕ್ಸಿಯವರು, ಟೀ ಅಂಗಡಿಯವರು ಎಲ್ಲರ ಹೊಟ್ಟೆಗೂ ಬೀಗ. ನಿಮ್ಮ ಮಗಳ ಕೆಲಸವೂ ಅದ್ರಲ್ಲಿ ಬಂತು. ಮತ್ತೆ ಕಟ್ಟಿದ್ದು ಯಾರು ಅಂತ ಕೇಳಿದ್ರೆ?" ಅವನು ಮೇಸ್ತ್ರಿಯ ಕಾಲರ್ ಮೇಲಿದ್ದ ಬಿಳಿ ಕಾಳೊಂದನ್ನು ಪ್ರೀತಿಯಿಂದ ಒರೆಸಿದ. "ನಿಮ್ಮ ಹೆಸರೇ ಬರೋದು."

ಇಂಥ ಮಾತಿಗೆ ಈ ಊರುಗಳಲ್ಲಿ ವ್ಯವಹಾರಜ್ಞಾನ ಅನ್ನುತ್ತಾರೆ. ಎಲ್ಲರ ಹೊಟ್ಟೆಯ ಹೆಸರು ಹೇಳಿ ಒಬ್ಬರ ಬೆನ್ನನ್ನು ಪ್ರಪಾತದ ಅಂಚಿಗೆ ಇಡುವುದಕ್ಕೆ ಅಭಿವೃದ್ಧಿ ಅನ್ನುತ್ತಾರೆ. ಮೇಸ್ತ್ರಿಗೆ ಅಷ್ಟೆಲ್ಲ ಹೊಳೆಯಲಿಲ್ಲ. ಕಿಟಕಿಯಾಚೆ ಅತಿಥಿಗಳ ಕಾರುಗಳು ಬಂದು ನಿಂತವು. ಮೈಕ್ ಅಣ್ಣ ಹೂಗುಚ್ಛ ಎತ್ತಿಕೊಂಡು ಓಡಿದ. ಕಾರುಗಳು ಗುಡ್ಡದ ಕಡೆಗೆ ಹೊರಟೂ ಬಿಟ್ಟವು.

ಮೇಸ್ತ್ರಿ ಮಗಳಿಗೆ ಫೋನ್ ಮಾಡಿದ. ಅವಳು ಎತ್ತಲಿಲ್ಲ. ಕೆಲಸದ ಹೊತ್ತಿನಲ್ಲಿ ಫೋನ್ ಎತ್ತಬಾರದೆಂದು ಸಮಿತಿಯ ಕಟ್ಟಪ್ಪಣೆ. ಅವನು ಮೆಟ್ಟಿಲು ಹತ್ತತೊಡಗಿದ. ಮೇಲಿನಿಂದ ಜನರ ನಗು ಕೇಳಿದಾಗ ಇನ್ನೂ ಏನೂ ಆಗಿಲ್ಲ ಎಂದುಕೊಂಡ. ನಗು ನಿಂತಾಗ ಮೆಟ್ಟಿಲಿಗೆ ಎಡವಿ ಬಿದ್ದ. ಮತ್ತೆ ನಗು ಕೇಳಿತು. ಎದ್ದು ಓಡಿದ.

ತುದಿಯಲ್ಲಿ ಜಾತ್ರೆಯಂಥ ಜನ. ಮಗಳು ಗೋಡೆಗೆ ಒಂದು ಮಾರು ಈಚೆ ನಿಂತು ಮಾತಾಡುತ್ತಿದ್ದಳು. ಹೊಸ ಸಿನಿಮಾದ ನಿರ್ದೇಶಕ ಕೇಳುತ್ತಿದ್ದ: "ಇದರ ಮೇಲೆ ಫೈಟ್ ಇಟ್ರೆ ಭಾರ ತಡೆಯುತ್ತಾ?"

"ಲಾರಿ ಗುದ್ದಿದ್ರೂ ಅಲ್ಲಾಡಲ್ಲ ಸರ್" ಅಂದ ಮೈಕ್ ಅಣ್ಣ. "ಏನಮ್ಮಾ, ಒರಗಿ ತೋರ್ಸು."

"ಪುಟ್ಟೀ!"

ಎಲ್ಲರೂ ತಿರುಗಿದರು. ಮಗಳ ಮುಖ ಅರಳಿತು. "ನೋಡಿ, ಈ ಗೋಡೆ ಮಾಡಿದ ಕಲಾವಿದರು ಇವರೇ. ನಮ್ಮಪ್ಪ!"

ಜನ ಚಪ್ಪಾಳೆ ತಟ್ಟಿದರು. ಫೋನುಗಳು ಅವನ ಕಡೆಗೆ ಎದ್ದವು. ಮೇಸ್ತ್ರಿ ಏದುಸಿರಿನ ನಡುವೆ ಕೈಯಲ್ಲಾಡಿಸಿದ, ಬೇಡ ಬೇಡ ಎಂದು. ಅವರು ಅದನ್ನು ವಿನಯವೆಂದುಕೊಂಡು ಇನ್ನಷ್ಟು ಚಪ್ಪಾಳೆ ತಟ್ಟಿದರು. ಮಗಳು ಗೋಡೆಯತ್ತ ಹಿಂದೆ ಹಿಂದೆ ಹೆಜ್ಜೆ ಇಡುತ್ತ ಎರಡೂ ಕೈ ಚಾಚಿದಳು.

ಅವನು ಜನರ ನಡುವೆ ನುಗ್ಗಿ ಅವಳ ಮಣಿಕಟ್ಟು ಹಿಡಿದು ಎಳೆದ. ಎಳೆದ ರಭಸಕ್ಕೆ ಅವಳು ಜನರ ಕಾಲಬುಡದಲ್ಲಿ ಬಿದ್ದಳು.

"ಅಪ್ಪಾ! ಹುಚ್ಚು ಹಿಡಿದಿದ್ಯಾ? ಎಲ್ಲರ ಮುಂದೆ..."

"ಮೇಸ್ತ್ರಿ!" ಮೈಕ್ ಅಣ್ಣನ ದನಿಗೆ ಮೈಕು ಬೇಕಿರಲಿಲ್ಲ.

"ಹಿಂದೆ ಹೋಗಿ. ಎಲ್ಲರೂ ಹಿಂದೆ ಹೋಗಿ."

ಯಾರೋ "ಶೂಟಿಂಗಾ?" ಎಂದು ಕೇಳಿದರು. ಮತ್ತಾರೋ "ಪ್ರಮೋಷನ್ ಇರ್ಬೇಕು" ಅಂದರು. ಫೋನುಗಳು ಇನ್ನಷ್ಟು ಹತ್ತಿರ ಬಂದವು. ಮೇಸ್ತ್ರಿಗೆ ಕಣಿವೆಯ ಕಡೆ ನೋಡುವ ಧೈರ್ಯವಿರಲಿಲ್ಲ. ನಿಂತರೆ ತಾನೂ ಹೋಗುತ್ತೇನೆ ಅನ್ನಿಸಿತು. ಅದಕ್ಕೆ ಅವನು ನೆಲದ ಮೇಲೆ ಕೂತ. ಎರಡೂ ಅಂಗೈಗಳನ್ನು ಹಿಂದಕ್ಕೆ ಊರಿ, ಕಣ್ಣು ಮುಚ್ಚಿ, ಗೋಡೆಯ ನಡುವಿಗೆ ಎರಡೂ ಪಾದ ಕೊಟ್ಟು ನೂಕಿದ.

ಬಲ ಹಾಕಬೇಕಾಗಲೇ ಇಲ್ಲ. ಗೋಡೆ ಬಾಗಿಲು ತೆರೆದ ಹಾಗೆ ಆಚೆಗೆ ವಾಲಿತು. ತುದಿಯ ಕಾಂಕ್ರೀಟಿನ ತುಂಡೊಂದು ಮಾತ್ರ ಉಳಿದು, ಮಿಕ್ಕಿದ್ದೆಲ್ಲ ಹೋಯಿತು. ಅದರ ಜಾಗದಲ್ಲಿ ಬರೀ ಆಕಾಶ.

ಕಲ್ಲು ಬಿದ್ದಿದ್ದರೆ ಕಣಿವೆ ಗುಡುಗಬೇಕಿತ್ತು. ಜನ ಆ ಸದ್ದಿಗಾಗಿ ಕಾದರು. ಎಷ್ಟೋ ಹೊತ್ತಿನ ಮೇಲೆ ಕೆಳಗಿನಿಂದ ಖಾಲಿ ಪೆಟ್ಟಿಗೆ ಬಿದ್ದಂಥ ಟಪ್ ಎನ್ನುವ ಸದ್ದೊಂದು ಬಂತು. ಆ ಹಗುರ ಸದ್ದಿಗೆ ಮುಂದಿದ್ದವರೆಲ್ಲ ಒಟ್ಟಿಗೆ ಒಂದು ಹೆಜ್ಜೆ ಹಿಂದೆ ಸರಿದರು. ಕಣಿವೆಯ ಗಾಳಿ ಬಿಳಿ ಕಾಳುಗಳನ್ನು ಮೇಲಕ್ಕೆತ್ತಿ ತಂದು ಅವರ ತಲೆ, ಹೆಗಲುಗಳ ಮೇಲೆ ಸುರಿಯಿತು. ಮಗುವೊಂದು ಅವನ್ನು ಹಿಡಿಯಲು ನಗುತ್ತ ಕೈ ಚಾಚಿತು. ಅದರ ತಾಯಿ ಸುಮ್ಮಸುಮ್ಮನೆ ಅದಕ್ಕೊಂದು ಏಟು ಕೊಟ್ಟು, ಆಮೇಲೆ ಅದನ್ನು ಎದೆಗೆ ಅವಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

"ಸಮಿತಿ ಆಸ್ತಿ ಅದು!" ಮೈಕ್ ಅಣ್ಣ ಕೂಗಿದ. "ಕೇಸ್ ಹಾಕಿಸ್ತೀನಿ!" ಯಾರೂ ಅವನ ಕಡೆ ನೋಡಲಿಲ್ಲ. ಹೊಸ ನಿರ್ದೇಶಕ ತನ್ನ ಜೊತೆಯವರನ್ನು ಕೈ ಹಿಡಿದು ಮೆಟ್ಟಿಲ ಕಡೆಗೆ ನಡೆಸುತ್ತಿದ್ದ.

ಮಗಳು ಎದ್ದಿರಲಿಲ್ಲ. ಕೂತಲ್ಲಿಂದಲೇ ತೆವಳುತ್ತ ಹಿಂದೆ ಸರಿದು ಅಪ್ಪನ ಪಕ್ಕಕ್ಕೆ ಬಂದಳು. ಮೇಸ್ತ್ರಿ ಅವಳ ಕೂದಲಿನಿಂದ ಬಿಳಿ ಕಾಳುಗಳನ್ನು ಆರಿಸಿ ತೆಗೆಯತೊಡಗಿದ. ಒಂದು ತೆಗೆದರೆ ಇನ್ನೊಂದು ಹಾರಿ ಬಂದು ಕೂರುತ್ತಿತ್ತು.

"ಅಪ್ಪ" ಅಂದಳು ಅವಳು, ಆ ತಾಯಿ ಮಗುವಿನ ಕಡೆಯೇ ನೋಡುತ್ತ. "ನೀನು ಬರೋಕೆ ಮುಂಚೆ ಆ ಮಗೂನ ಗೋಡೆ ಮೇಲೆ ಕೂರಿಸಿ ಅಂತ ನಾನೇ ಹೇಳ್ದೆ. ಫೋಟೋ ಚೆನ್ನಾಗಿ ಬರುತ್ತೆ ಅಂತ."