ಗಿರಣಿಯ ಹಿಂದಿನ ಕೋಣೆ

ಕಸ್ತೂರಕ್ಕಾರು ಬಜಾರಿನಲ್ಲಿ ಎದುರಾದರೆ ತಾವಾಗಿ ಯಾರನ್ನೂ ಮಾತನಾಡಿಸುತ್ತಿರಲಿಲ್ಲ. ನಿನ್ನೆ ಒಂದು ತಾಸು ತಮ್ಮ ಮುಂದೆ ಕುಳಿತು ಅತ್ತುಹೋದ ಹೆಣ್ಣುಮಗಳೇ ಇವತ್ತು ಎದುರಿಗೆ ಬಂದರೂ ಸೆರಗು ಸರಿಮಾಡಿಕೊಂಡು, ಕಂಡೂ ಕಾಣದವರಂತೆ ದಾಟಿಬಿಡುವರು. ಆಕೆ ನಕ್ಕರೆ ಇವರೂ ನಗುವರು, ಆಕೆ ಮಾತಾಡಿಸಿದರೆ ಇವರೂ ನಿಲ್ಲುವರು. ಗುರುತು ತೋರಿಸುವುದು, ಬಿಡುವುದು ಎದುರಿನವರ ಇಷ್ಟ ಎಂಬುದು ಅವರ ನೇಮ. ಸವಣೂರಿನ ಮಂದಿಗೆ ಇದು ಹೇಗೆ ತಿಳಿಯಬೇಕು? "ಕಲತಾಕಿ ಅಲ್ಲ, ಭಾಳ ಸೊಕ್ಕು ಐತಿ" ಎಂದು ಆಡಿಕೊಂಡರು. ಹಾಗೆ ಆಡಿಕೊಂಡವರಲ್ಲಿ ನಾನೂ ಒಬ್ಬ.

ನಾನು ಬಸಣ್ಣ, ಊರಲ್ಲಿ ಹಿಟ್ಟಿನ ಗಿರಣಿ ಇಟ್ಟವನು. ಅವರು ನಮ್ಮೂರಿಗೆ ಬಂದದ್ದು ಎಪ್ಪತ್ತರ ದಶಕದ ನಡುವೆ. ಧಾರವಾಡದಲ್ಲಿ ಮನಃಶಾಸ್ತ್ರ ಓದಿ, ಕೆಲವು ವರ್ಷ ಆಸ್ಪತ್ರೆಯೊಂದರಲ್ಲಿ ಮನಸ್ಸು ಕೆಟ್ಟವರ ಜೊತೆ ಮಾತಾಡಿ ದಾರಿಗೆ ತರುವ ಕೆಲಸ ಮಾಡಿದ್ದರು. ಮದುವೆ ಆಗಿರಲಿಲ್ಲ. ಸಂಬಳದ ಕೆಲಸ ಬಿಟ್ಟು ಈ ಊರಿಗೆ ಯಾಕೆ ಬಂದಿರಿ ಎಂದು ನಾನು ಒಮ್ಮೆ ನೇರವಾಗಿಯೇ ಕೇಳಿದ್ದೆ. "ಅಲ್ಲಿಗೆ ಬರೂ ಹೊತ್ತಿಗೆ ಮಂದಿ ಪೂರಾ ಮುರದಿರ್ತಾರ್ರಿ ಬಸಣ್ಣಾರ. ಮದಲ ಯಾರರ ಕುಂತು ಕೇಳಿದ್ರ ಅಲ್ಲೀತನಕ ಹೋಗೂದ ಬ್ಯಾಡ" ಎಂದರು. ಆದರೆ ಹುಬ್ಬಳ್ಳಿಯ ಅಣ್ಣನಿಗೆ ಅವರೊಂದು ಮಾತು ಕೊಟ್ಟು ಬಂದಿದ್ದರು. ಎರಡು ವರ್ಷದಲ್ಲಿ ಇದು ನಡೆಯದಿದ್ದರೆ ತೆಪ್ಪಗೆ ಅವನ ಮನೆಗೆ ಹೋಗಿ ಇರಬೇಕು. ಅಣ್ಣನ ಮನೆಯೆಂದರೆ ಅತ್ತಿಗೆಯ ಅಡಿಗೆಮನೆ, ಅವಳ ಮಕ್ಕಳ ಜಡೆ. ಅದನ್ನು ಹೇಳುವಾಗ ಮಾತ್ರ ಅವರ ದನಿ ಸಣ್ಣದಾಗುತ್ತಿತ್ತು.

ಮೊದಲು ಬಜಾರಿನ ಮಾಳಿಗೆಯ ಮೇಲೊಂದು ಕೋಣೆ ಹಿಡಿದು 'ಮಾನಸಿಕ ಸಲಹಾ ಕೇಂದ್ರ' ಎಂದು ಬೋರ್ಡು ಬರೆಸಿದರು. ಬೋರ್ಡೇನೋ ಚೆಂದ ಇತ್ತು. ಆದರೆ ಆ ಮೆಟ್ಟಿಲು ಇಡೀ ಪೇಟೆಗೆ ಕಾಣುವಂಥದ್ದು. ಅದನ್ನು ಹತ್ತಿದವರು ಇಳಿಯುವುದರೊಳಗೆ ಅವರಿಗೆ ಹುಚ್ಚು ಹಿಡಿದ ಸುದ್ದಿ ಮನೆ ಮುಟ್ಟುತ್ತಿತ್ತು. ಮೂರು ತಿಂಗಳಲ್ಲಿ ಬಂದವನು ಒಬ್ಬನೇ. ಅವನಿಗೂ ಬೇಕಾದದ್ದು ತಹಶೀಲ್ದಾರರಿಗೆ ಒಂದು ಅರ್ಜಿ. ಅದನ್ನೂ ನೀಟಾಗಿ ಬರೆದುಕೊಟ್ಟರು. ಆಮೇಲೆ ಹ್ಯಾಂಡ್‌ಬಿಲ್ಲು ಹಾಕಿಸಿ ಸಂತೆಯಲ್ಲಿ ಹಂಚಿದರು. ಅವೆಲ್ಲ ಖಾರದ ತಿಂಡಿಯ ಅಂಗಡಿ ಸೇರಿ ಪೊಟ್ಟಣವಾದವು. 'ನಿದ್ದೆ ಬಾರದೆ? ಮನಸ್ಸಿಗೆ ಸಮಾಧಾನವಿಲ್ಲವೆ?' ಎಂಬುದನ್ನು ಊರೆಲ್ಲ ಖಾರ ಮೆಲ್ಲುತ್ತ ಓದಿತು, ಕಾಗದ ಉಂಡೆ ಮಾಡಿ ಒಗೆಯಿತು.

ಒಂದು ದಿನ ಜೋಳದ ಡಬ್ಬಿ ಹಿಡಿದು ನಮ್ಮ ಗಿರಣಿಗೆ ಬಂದರು. ಬೀಸಿಕೊಟ್ಟೆ. ಹೋಗಲಿಲ್ಲ. ಗೋಣಿಚೀಲದ ಮೇಲೆ ಸಂಜೆಯತನಕ ಕುಳಿತರು. ಮರುದಿನವೂ ಬಂದರು. ಎಂಟು ದಿನ ಹೀಗೇ ನಡೆಯಿತು. ನನಗೆ ರೇಗಿತು. "ಅಕ್ಕಾರ, ಇಲ್ಲೇನು ನಾಟಕ ನಡದೈತೇನ್ರಿ?" ಎಂದೆ. ಅವರು ಕುಳಿತಲ್ಲಿಂದಲೇ ಉತ್ತರ ಕೊಟ್ಟರು. "ಊರಾಗ ಹೆಣ್ಮಕ್ಕಳು ಯಾವ ನೆಪ ಹೇಳದ ಬರೂ ಜಾಗಾ ಇದೊಂದ ಐತ್ರಿ. ಪಾಳಿ ಹಚ್ಚಿ ಒಂದೊಂದು ತಾಸು ಕುಂದರ್ತಾರ. ನಿಮ್ಮ ಮಶೀನಿನ ಸಪ್ಪಳದಾಗ ಮಗ್ಗಲದಾಕಿ ಮಾತು ಮಗ್ಗಲದಾಕಿಗೆ ಕೇಳಂಗಿಲ್ಲ. ಆ ಹಿಂದಿನ ಕೋಣಿ ನನಗ ಬಾಡಿಗಿ ಕೊಡ್ರಿ."

ಖಾಲಿ ಚೀಲ ಒಟ್ಟಿದ್ದ ಕೋಣೆ ಅದು. ಹಸನು ಮಾಡಿ, ಚಾಪೆ ಹಾಸಿ, ಒಂದು ತಂಬಿಗೆ ನೀರಿಟ್ಟರು. ಮಾಳಿಗೆಯ ಬೋರ್ಡನ್ನು ಇಳಿಸಿ ಅದರ ಹಿಂಬದಿಯ ಮೇಲೆ ಹಪ್ಪಳ ಒಣಹಾಕಿದರು. ತಾವೂ ಹೆಂಗಸರ ನಡುವೆ ಕುಳಿತು ಮೊರದಲ್ಲಿ ಜೋಳ ಹಸನು ಮಾಡುವರು. ಯಾರಾದರೂ ಯಾರು ನೀವು ಎಂದರೆ, "ನಿದ್ದಿ ಬರಲಾರದವರ ಮಾತು ಕೇಳತೇನಿ" ಎನ್ನುವರು. ಅಷ್ಟೇ ಜಾಹೀರಾತು. ತಿಂಗಳೊಳಗೆ ಒಬ್ಬಳು ಡಬ್ಬಿಯನ್ನು ಪಾಳಿಗಿಟ್ಟು ಒಳಗೆ ಹೋದಳು. ಆಮೇಲೆ ಇನ್ನೊಬ್ಬಳು. ಒಂದು ಪಾವು ಗೋಧಿ ಬೀಸಲು ವಾರಕ್ಕೆ ಎರಡು ಸಲ ಬರುವವರೂ ಆದರು.

ಕರೆಂಟು ಹೋದಾಗಿನ ಮಜವೇ ಬೇರೆ. ಮಶೀನು ನಿಂತೊಡನೆ ಊರೇ ಕಿವುಡಾದಂತೆ ಎಲ್ಲ ನಿಶ್ಶಬ್ದ. ಒಳಗಿನ ಅಳು ಹೊರಗೆ ಕೇಳಿಬಿಟ್ಟೀತು. ಆ ಕ್ಷಣಕ್ಕೆ ಕಸ್ತೂರಕ್ಕಾರು ಜೋರು ದನಿಯಲ್ಲಿ "ಮೆಣಸಿನಕಾಯಿ ಉಪ್ಪಿನಕಾಯಿಗೆ ನಿಂಬಿಹಣ್ಣು ಎಷ್ಟು ಹಿಂಡತೀಯವಾ?" ಎಂದು ಶುರು ಮಾಡುವರು. ಒಳಗಿದ್ದವಳು ಮೂಗು ಒರೆಸಿಕೊಳ್ಳುತ್ತ ಲೆಕ್ಕ ಹೇಳುವಳು. ಕರೆಂಟು ಬಂತೆಂದರೆ ಉಪ್ಪಿನಕಾಯಿ ಅಲ್ಲಿಗೇ ನಿಲ್ಲುತ್ತಿತ್ತು.

ಎರಡು ವರ್ಷ ಮುಗಿಯಲು ಇನ್ನು ನಾಲ್ಕು ತಿಂಗಳು. ಅಣ್ಣನಿಗೆ ಧೈರ್ಯದಿಂದ ಪತ್ರ ಬರೆದಿದ್ದರು. ಆಗ ಎಲ್ಲ ಕೆಡಿಸಿದವನು ನಾನು.

ಹುಲಗೂರಿನ ಗೌಡರೊಬ್ಬರು ಗಿರಣಿಗೆ ಬಂದರು. ಬಾಣಂತನ ಆದ ಮೇಲೆ ಅವರ ಹೆಂಡತಿ ಮಾತು ಬಿಟ್ಟಿದ್ದಳು. ಒಳಗೆ ಕರೆದುಕೊಂಡು ಬರಲು ಅವರಿಗೆ ಅನುಮಾನ. "ಈಕಿ ಹತ್ರ ಬಂದು ಯಾರಿಗರ ಆರಾಮ ಆಗೈತೇನು?" ಎಂದು ನನ್ನನ್ನು ಕೇಳಿದರು. ನಮ್ಮ ಧಂದೆಯ ರೂಢಿ ಹೇಗೆಂದರೆ, ಹೊಸ ಗಿರಾಕಿ ಹಿಟ್ಟು ಹೇಗೆ ಬೀಳುತ್ತದೆ ಎಂದು ಕೇಳಿದರೆ ಹತ್ತು ಮನೆಯ ಹೆಸರು ಹೇಳಬೇಕು. ಆ ಮನೆಗೆ ಹೋಗಿ ಹಿಟ್ಟು ಮುಟ್ಟಿ ನೋಡಿ ಎನ್ನಬೇಕು. ಅದೇ ರೂಢಿಯಲ್ಲಿ, ಪಾಳಿಯ ಹೆಂಗಸರಿಂದ ಕೇಳಿದ್ದನ್ನು ಎದೆ ಉಬ್ಬಿಸಿ ಹೇಳಿದೆ: "ಎಲಿತೋಟದ ಸಿದ್ದಪ್ಪನ ಸೊಸಿ ಗಂಗವ್ವನ್ನ ನೋಡ್ರಿ. ಮೂರು ತಿಂಗಳು ತುತ್ತು ಮುಟ್ಟಿರಲಿಲ್ಲ, ಬಾವಿಕಡೆ ನೋಡ್ಕೋತ ಕುಂದರತಿದ್ಲು. ಈಗ ಹ್ಯಾಂಗ ಅದಾಳ ಹೋಗಿ ಕೇಳ್ರಿ."

ಗೌಡರು ಹೋಗಿ ಕೇಳಿಯೇಬಿಟ್ಟರು. ಸಿದ್ದಪ್ಪನ ಮನೆಯಲ್ಲಿ ಸೊಸೆ ಕಸ್ತೂರಕ್ಕಾರ ಕೋಣೆಗೆ ಹೋಗುತ್ತಿದ್ದದ್ದು ಯಾರಿಗೂ ಗೊತ್ತಿರಲಿಲ್ಲ. ಮನೆಯ ಮಾನ ಹೋಯಿತೆಂದು ಮರುದಿನ ಗಂಗವ್ವನನ್ನು ತಿಳವಳ್ಳಿಯ ತವರಿಗೆ ಕಳಿಸಿದರು. ವಾರದೊಳಗೆ ಹೆಂಗಸರು ಡಬ್ಬಿ ಹೊತ್ತು ಕೆಳಗಿನ ಓಣಿಯ ಗಿರಣಿಗೆ ಹೋಗತೊಡಗಿದರು. ನನ್ನಲ್ಲಿಗೆ ಬಂದರೆ ತಮ್ಮ ಹೆಸರೂ ಹೊರಬಿದ್ದೀತೆಂಬ ಭಯ. ನನ್ನ ಹೆಂಡತಿ ನೀಲವ್ವ ರೊಟ್ಟಿ ಬಡಿಯುತ್ತಲೇ, "ತಾ ಕೆಟ್ಟ ಮಂಗ್ಯಾ ವನಾ ಎಲ್ಲಾ ಕೆಡಿಸ್ತು" ಎಂದಳು. 

ಹಿಂದಿನ ಕೋಣೆಗೆ ಹೋಗಿ, "ಅಕ್ಕಾರ, ನಾನ ಹೇಳಿದ್ದುರಿ. ಒಳ್ಳೇದಾಗಲಿ ಅಂತ ಹೇಳಿದೆ" ಎಂದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ತಂಬಿಗೆಯ ನೀರನ್ನು ನನ್ನ ಮುಂದೆ ಸರಿಸಿದರು. "ಗೊತ್ತೈತ್ರಿ. ಹಿಟ್ಟಿನ ಸುದ್ದಿ ಹೇಳಿದ್ರ ಹಿಟ್ಟಿಗೆ ಏನೂ ಆಗಂಗಿಲ್ಲ ಬಸಣ್ಣಾರ. ಆಕಿ ಕಥಿ ಆಕೀದು. ಹೇಳೂದಿದ್ರ ಆಕೀನ ಹೇಳಬೇಕಿತ್ತು" ಎಂದರು. ಮರುದಿನ ಬಸ್ಸು ಹತ್ತಿ ತಿಳವಳ್ಳಿಗೆ ಹೋದರು. ಅಲ್ಲಿಂದ ಬಂದು ಸಿದ್ದಪ್ಪನ ಕಟ್ಟೆಯ ಮೇಲೆ ಕುಳಿತರು. ಅವನು ಎರಡು ಸಲ ಎಬ್ಬಿಸಿ ಕಳಿಸಿದ. ಮೂರನೆಯ ಸಲ ನೀರು ಕೊಟ್ಟ. ಐದು ತಿಂಗಳಾದ ಮೇಲೆ ಗಂಗವ್ವನ ಗಂಡ ಹೋಗಿ ಅವಳನ್ನು ಕರೆತಂದ. ಅಷ್ಟರಲ್ಲಿ ಅಣ್ಣನ ಗಡುವು ದಾಟಿ ತಿಂಗಳಾಗಿತ್ತು. ಸವಣೂರಿನಲ್ಲಿ ಅವರ ಹತ್ತಿರ ಬರುವವರು ಒಬ್ಬರೂ ಉಳಿದಿರಲಿಲ್ಲ.

ಹುಬ್ಬಳ್ಳಿಗೆ ಹೋಗುತ್ತಾರೆ ಎಂದುಕೊಂಡೆ. ಅವರ ಅಣ್ಣ ತಾನೇ ಬಂದು ನಮ್ಮ ಬಾಗಿಲಲ್ಲಿ ನಿಂತು ಅವರನ್ನು ಗದರಿದ. "ಇನ್ನೊಂದು ಊರು ನೋಡಿ ಬರತೇನಿ ಅಣ್ಣಾ" ಎಂದು ಟ್ರಂಕು ಎತ್ತಿಕೊಂಡು ಹಿರೇಕೆರೂರಿಗೆ ಹೋದರು. ಅಲ್ಲಿ ಹೆಣ್ಣುಮಕ್ಕಳ ಹೊಲಿಗೆ ಕ್ಲಾಸಿನ ಮಗ್ಗುಲಲ್ಲಿ ಕೋಣೆ ಹಿಡಿದರೆಂದು ಕೇಳಿದೆ. ಮತ್ತೆ ಮೊದಲಿನಿಂದ.

ಎಂಬತ್ತರ ದಶಕ ಬಂತು. ನೀಲವ್ವ ತೀರಿಕೊಂಡಳು. ನನ್ನ ನಿದ್ದೆ ಹೋಯಿತು. ಗಿರಾಕಿಗಳ ಮೇಲೆ ಹರಿಹಾಯುತ್ತಿದ್ದೆ. ಒಮ್ಮೆ ಬೀಸುತ್ತಿದ್ದ ಹಿಟ್ಟನ್ನೇ ನೆಲಕ್ಕೆ ಚೆಲ್ಲಿದೆ. ಮಶೀನಿನ ಪಟ್ಟಾ ತರುತ್ತೇನೆಂದು ಸುಳ್ಳು ಹೇಳಿ, ಹಾವೇರಿಯಲ್ಲಿ ಬಸ್ಸು ಬದಲಿಸಿ ಹಿರೇಕೆರೂರಿಗೆ ಹೋದೆ. ಕಸ್ತೂರಕ್ಕಾರ ಕೂದಲು ಪೂರಾ ಬೆಳ್ಳಗಾಗಿತ್ತು. ಹೊರಗೆ ಇಬ್ಬರೇ ಕಾದಿದ್ದರು. ಹಳೆಯದನ್ನು ಅವರು ಎತ್ತಲಿಲ್ಲ. "ಕುಂದರ್ರಿ" ಎಂದರು. ನಾನು ಊರೆಲ್ಲ ಮಾತಾಡಿದವನು, ನೀಲವ್ವನ ಹೆಸರು ಹೇಳಲು ನನಗೆ ಅರ್ಧ ತಾಸು ಬೇಕಾಯಿತು.  ಆರು ಸಲ ಹೋದೆ. ಆರನೆಯ ಸಲ, "ಇನ್ನ ನೀವು ಬರೂದು ಬ್ಯಾಡ್ರಿ. ಬರಬೇಕನಿಸಿದ್ರ ಮಾತ್ರ ಬರ್ರಿ" ಎಂದರು. "ಇಲ್ಲಿ ಮಂದಿ ಬರತಾರೇನ್ರಿ?" ಎಂದು ಕೇಳಿದೆ. "ಬರತಾರ. ಕಡಿಮಿ" ಎಂದು ಬಾಗಿಲತನಕ ಬಂದರು. ಅದೇ ಕೊನೆಯ ಭೇಟಿ. ನಾಲ್ಕಾರು ವರ್ಷದ ಮೇಲೆ ಅಲ್ಲಿಯೇ ತೀರಿಕೊಂಡರು, ಅಣ್ಣನ ಮನೆಗೆ ಹೋಗಲೇ ಇಲ್ಲ. ಆದರೆ ಆ ಕೊನೆಯ ಭೇಟಿಯ ಮರುವಾರ ನಡೆದದ್ದನ್ನು ಅವರಿಗೆ ಹೇಳಲು ನನಗೆ ಆಗಲೇ ಇಲ್ಲ.

ಗಿರಣಿಯಲ್ಲಿ ಏಳೆಂಟು ಹೆಂಗಸರು ಪಾಳಿ ಹಚ್ಚಿದ್ದರು. ಹಳೆಯ ಗಿರಾಕಿ ಚನಬಸವ್ವ ನನ್ನನ್ನು ಕೆಣಕಲೆಂದೇ, "ಆ ಹುಚ್ಚರ ಅಕ್ಕನ ಹತ್ರ ಹೋದವರು ಒಬ್ಬರರ ನೆಟ್ಟಗಾಗ್ಯಾರೇನೋ ಬಸಣ್ಣ? ನಿನಗ ಎಲ್ಲಾರ ಹೆಸರು ಗೊತ್ತಲ್ಲ" ಎಂದಳು. ನಾನು ಮಶೀನು ಬಂದ್ ಮಾಡಿದೆ. ಎಲ್ಲರಿಗೂ ಕೇಳಲಿ ಎಂದೇ ಬಂದ್ ಮಾಡಿದೆ.

"ನಾ ಹೋಗಿ ಬಂದೇನಿ. ಆರು ಸಲ. ನೀಲವ್ವ ಹ್ವಾದ ಮ್ಯಾಲ ಸಾಯಬೇಕನಸ್ತಿತ್ತು. ಈಗ ಅನಸಂಗಿಲ್ಲ" ಎಂದೆ.

ಒಬ್ಬಳು ಕಿಸಕ್ಕೆಂದಳು. ಚನಬಸವ್ವ ತಲೆ ತಗ್ಗಿಸಿದಳು. ಸಂಜೆಯೊಳಗೆ ನನ್ನ ಹೆಸರು ಊರೆಲ್ಲ ಸುತ್ತಿ ಬರುತ್ತದೆಂದು ಗೊತ್ತಿತ್ತು, ಸುತ್ತಿಯೂ ಬಂತು. ಮತ್ತೆ ಮಶೀನು ಹಚ್ಚಿ ಎಲ್ಲರ ಡಬ್ಬಿ ತುಂಬಿಸಿದೆ. ಒಬ್ಬೊಬ್ಬರಾಗಿ ಹೋದರು. ಕೊನೆಗೆ ಒಬ್ಬಳು ಉಳಿದಳು. ಅವಳ ಹಿಟ್ಟು ಆಗಲೇ ಆಗಿತ್ತು. ಡಬ್ಬಿಯ ಮುಚ್ಚಳ ಹಾಕುವಳು, ತೆಗೆಯುವಳು. ನನ್ನ ಮುಖ ನೋಡದೆ ಕೇಳಿದಳು:

"ಹಿರೇಕೆರೂರಿಗೆ ಬಸ್ಸು ಎಷ್ಟೊತ್ತಿಗೆ ಐತ್ರಿ ಅಣ್ಣಾರ?"

ಹತ್ತೂವರೆಗೆ ಹಾವೇರಿಯದು, ಅಲ್ಲಿ ಬದಲಿಸಬೇಕು ಎಂದು ಹೇಳಿದೆ. ಯಾಕೆ ಎಂದು ಕೇಳಲಿಲ್ಲ.