ಚಿಕ್ಕು ತೋಟ ಕೊಟ್ಟು ಬಂದೂಕು ತಂದವನು

ಅಪ್ಪ ತೀರಿಕೊಂಡ ಮೇಲೆ ಅಣ್ಣ ಮತ್ತು ನಾನು ಪಾಲು ಮಾಡಿಕೊಳ್ಳಲು ಕುಳಿತ ದಿನ, ಜಿಲ್ಲೆಯಲ್ಲಿ ನನ್ನಷ್ಟು ಬುದ್ಧಿವಂತ ಇನ್ನೊಬ್ಬನಿಲ್ಲ ಎಂದು ನಂಬಿದ್ದೆ. ವಿದ್ಯಾಗಿರಿಯ ಕಾಲೇಜಿನಲ್ಲಿ ಇಪ್ಪತ್ತು ವರ್ಷ ವಾಣಿಜ್ಯಶಾಸ್ತ್ರ ಹೇಳಿದವನಿಗೆ ಆ ನಂಬಿಕೆ ತಾನಾಗಿಯೇ ಬರುತ್ತದೆ. ಹಿಂದಿನ ವಾರವಷ್ಟೇ ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದ್ದೆ. ಅಮೆರಿಕದಲ್ಲಿ ಸರ್ಕಾರದ ದಫ್ತರದಲ್ಲಿ ನೋಂದಣಿಯಾದ ಹಳೆಯ ಮಶಿನ್ ಗನ್ನುಗಳನ್ನು ಜನ ಬಂಗಾರದಂತೆ ಕೊಂಡಿಡುತ್ತಾರಂತೆ. ಹೊಸದನ್ನು ಸಾಮಾನ್ಯರ ಹೆಸರಿಗೆ ಮಾಡುವುದು ನಿಂತುಹೋಗಿದ್ದರಿಂದ ಇದ್ದವುಗಳ ಬೆಲೆ ಏರುತ್ತಲೇ ಇದೆಯಂತೆ.

ನಮ್ಮ ಮನೆಗೆ ಮಶಿನ್ ಗನ್ ಎಲ್ಲಿಂದ ಬರಬೇಕು? ಅಜ್ಜನ ಜೋಡುನಳಿಗೆ ಬಂದೂಕು ಇತ್ತು, ಅದಕ್ಕೆ ಲೈಸೆನ್ಸ್ ಇತ್ತು. ಹೊಸ ಲೈಸೆನ್ಸ್ ನಮ್ಮಲ್ಲೂ ಸುಲಭಕ್ಕೆ ಸಿಗುವುದಿಲ್ಲ. ಎರಡೂ ಒಂದೇ ಎಂದುಕೊಂಡೆ. ಕಲಾದಗಿಯ ಚಿಕ್ಕು ತೋಟದ ನನ್ನ ಅರ್ಧ ಪಾಲು ನೀನೇ ಇಟ್ಟುಕೋ, ಬಂದೂಕು ನನಗಿರಲಿ ಎಂದು ಅಣ್ಣನಿಗೆ ಹೇಳಿದೆ.

ಅಣ್ಣ ಚಹಾದ ಕಪ್ಪು ಕೆಳಗಿಟ್ಟ. "ಖರೇನ ಹೇಳಾಕತ್ತೀಯೇನೋ ತಮ್ಮಾ? ಆಮ್ಯಾಲ ಅಣ್ಣ ಮೋಸ ಮಾಡಿದ ಅನಬ್ಯಾಡ."

ಅನ್ನುವುದಿಲ್ಲ ಎಂದು ಸಹಿ ಹಾಕಿದೆ. ವಿಡಿಯೋ ನೋಡದ ಅವನ ಮೇಲೆ ಕನಿಕರವೂ ಆಯಿತು, ಪಾಪ.

ಮದುವೆಯಾದ ವರ್ಷ ನನ್ನ ಹೆಂಡತಿ ಆ ತೋಟದಲ್ಲಿ ತನ್ನ ಕೈಯಾರೆ ಒಂದು ಸಾಲು ಗಿಡ ನೆಟ್ಟಿದ್ದಳು. ಬೇಸಿಗೆಯಲ್ಲಿ ಕೊಡದಲ್ಲಿ ನೀರು ಹೊತ್ತು ಹಾಕಿ ಬದುಕಿಸಿದ್ದಳು. ಬಂದೂಕು ಮನೆಗೆ ತಂದಾಗ ಅವಳು ಕೇಳಿದ್ದು ಒಂದೇ ಮಾತು: "ನನ್ನ ಗಿಡಾನೂ ಕೊಟ್ಟ ಬಂದ್ರೇನ್ರಿ?"

ನಾನು ಬೇಡಿಕೆ, ಪೂರೈಕೆ ಎಂದು ಅರ್ಧ ತಾಸು ಪಾಠ ಮಾಡಿದೆ. ಅವಳು ರೊಟ್ಟಿ ಬಡಿಯುತ್ತಲೇ ಇದ್ದಳು.

ಕಚೇರಿ ಕಚೇರಿ ಅಲೆದು ಲೈಸೆನ್ಸನ್ನು ನನ್ನ ಹೆಸರಿಗೆ ಮಾಡಿಸಿಕೊಂಡು ಹುಬ್ಬಳ್ಳಿಯ ಬಂದೂಕಿನ ಅಂಗಡಿಗೆ ಹೋದೆ. ಅಂಗಡಿಯವನು ಅದನ್ನು ಹೊರಳಿಸಿ ಹೊರಳಿಸಿ ನೋಡಿದ. "ಸರ, ಇದರ ಮ್ಯಾಲಿನ ಹೂಬಳ್ಳಿ ಕೆತ್ತನಿ ಎಲ್ಲಿ ಹೋತ್ರಿ?"

ಎಲ್ಲಿ ಹೋಯಿತೆಂದು ನನಗೆ ಗೊತ್ತಿತ್ತು. ಪ್ರತಿ ದಸರೆಗೆ ಅವ್ವ ತಾಮ್ರದ ಕೊಡಗಳ ಜೊತೆ ಬಂದೂಕನ್ನೂ ಹುಣಸೆಹಣ್ಣು, ಇಟ್ಟಂಗಿ ಪುಡಿ ಹಾಕಿ ಫಳಫಳ ತಿಕ್ಕಿ, ವಿಭೂತಿ ಹಚ್ಚಿ ಪೂಜೆಗಿಡುತ್ತಿದ್ದಳು. ಐವತ್ತು ದಸರೆಗೆ ಯಾವ ಕೆತ್ತನೆ ಉಳಿದೀತು?

"ಹೋಗ್ಲಿ ಬಿಡ್ರಿ," ಎಂದ ಅವನು, "ಕೆತ್ತನಿ ಇದ್ರೂ ತಗೊಳ್ಳಾವ್ರು ಯಾರು? ಲೈಸೆನ್ಸ್ ಇದ್ದಾವ್ರಿಗಷ್ಟ ಮಾರಬೇಕು. ಹೊಸಾ ಲೈಸೆನ್ಸ್ ಸಿಗಂಗಿಲ್ಲ. ಇದ್ದಾವ್ರೆಲ್ಲ ನಿಮ್ಹಂಗ ಮಾರಾಕ ಬರ್ತಾರ." ಹಿಂದಿನ ಗೋಡೆಗೆ ನಮ್ಮದರಂಥವೇ ಹತ್ತಾರು ಧೂಳು ತಿನ್ನುತ್ತ ನಿಂತಿದ್ದವು. ಕೊಳ್ಳುವವನಿಲ್ಲದ ಸರಕಿಗೆ ಬೆಲೆಯಿಲ್ಲ ಎಂಬ ಪಾಠವನ್ನು ನಾನು ಪಿಯುಸಿ ಮಕ್ಕಳಿಗೆ ಮೊದಲ ವಾರದಲ್ಲೇ ಮುಗಿಸುತ್ತೇನೆ.

ಹೋದ ವರ್ಷ ತೋಟಕ್ಕೆ ಮಂಗಗಳು ಬಿದ್ದವು. ಅಣ್ಣ ಫೋನು ಮಾಡಿದ. "ಸೂಟಿ ಇದ್ದಾಗ ಬಂದೂಕ ತಗೊಂಡ ಬಾರಪಾ. ಹೊಡಿಯೂದ ಬ್ಯಾಡ, ತೋರ್ಸಿದ್ರ ಸಾಕು."

ಹೀಗಾಗಿ ರವಿವಾರ ಬಂತೆಂದರೆ ನಾನು ಬಂದೂಕು ಹಿಡಿದು, ಅರ್ಧ ನನ್ನದಾಗಿದ್ದ ತೋಟದಲ್ಲಿ ಸಂಜೆಯವರೆಗೆ ಅಣ್ಣನ ಬೆಳೆ ಕಾಯುತ್ತೇನೆ. ಮೊದಲ ದಿನ ಹೊರಟಾಗ ಅವನು ಪ್ರೀತಿಯಿಂದಲೇ ಒಂದು ಬುಟ್ಟಿ ಚಿಕ್ಕು ಕೊಟ್ಟ. ಮನೆಯಲ್ಲಿ ಹೆಂಡತಿ ಬುಟ್ಟಿ ಇಳಿಸಿಕೊಂಡು ಕೇಳಿದಳು:

"ಪಗಾರ ಕೊಟ್ರೇನ್ರಿ?"

ಚೇಷ್ಟೆ ಮಾಡುತ್ತಿದ್ದಾಳೆಂದು ಅವಳ ಮುಖ ನೋಡಿದೆ. ಅವಳು ನಗುತ್ತಿರಲಿಲ್ಲ.