ಎರಡನೆಯ ಮಿಸ್ ಕಾಲ್

ನಾನು ಹಟಮಾರಿ ಎಂಬುದು ಕೊಟ್ಟೂರಿನ ನಮ್ಮ ಓಣಿಗೆಲ್ಲ ಗೊತ್ತು. ಹರಪನಹಳ್ಳಿಯ ನಮ್ಮ ಆಫೀಸಿಗೆ ಅದು ಗೊತ್ತಾಗಿದ್ದು ಒಂದು ಮಿಸ್ ಕಾಲ್ ಜಗಳದಿಂದ.

ದನದ ಡಾಕ್ಟರುಗಳಿಗೆ ಬೇಕಾದ ಸಾಫ್ಟ್‌ವೇರ್ ನಮ್ಮದು. ಯಾರ ಕುರಿಗೆ ಹುಷಾರಿಲ್ಲ, ಮೊದಲು ಎಲ್ಲಿಗೆ ಹೋಗಬೇಕು ಎಂದು ತೋರಿಸುತ್ತದೆ. ಡಾಕ್ಟರು ಪರದೆ ನೋಡುತ್ತಾರೆ, ಸರಿ. ಗುಡೇಕೋಟೆ ಗುಡ್ಡದಲ್ಲಿ ಕುರಿ ಮೇಯಿಸುವವರು ಪರದೆ ಮುಟ್ಟುವುದಿಲ್ಲ, ಮಿಸ್ ಕಾಲ್ ಕೊಡುತ್ತಾರೆ. ಒಂದು ಕೊಟ್ಟರೆ ಬರ್ರಿ ಎಂದು. ಹಿಂದೆಯೇ ಇನ್ನೊಂದು ಕೊಟ್ಟರೆ ಕುರಿ ನೆಲ ಹಿಡಿದೈತಿ, ಓಡಿ ಬರ್ರಿ ಎಂದು. ಯಾರೂ ಕಲಿಸಿದ್ದಲ್ಲ, ಅವರದೇ ರೂಢಿ. ಆ ಮಿಸ್ ಕಾಲ್ ಹಿಡಿಯುವ ಕೋಡು ಬರೆದವಳು ನಾನು.

ಒಂದು ದಿನ ನಮ್ಮ ಟೀಮ್ ಲೀಡ್ ಸಾಹೇಬರಿಗೆ ಹಳೆಯ ಕೋಡನ್ನೆಲ್ಲ ಗುಡಿಸುವ ಹುಮ್ಮಸ್ಸು ಬಂತು. ಕೋಡನ್ನು ಓಡಿಸದೆ, ಬರೀ ಓದಿ ತಪ್ಪು ಹುಡುಕುವ ಟೂಲ್ ತಂದರು. ಅದು ಎಲ್ಲಿಂದ ಓದಬೇಕೆಂದು ನಾವೇ ಹೇಳಬೇಕು. ಅದಕ್ಕೆ ಎಂಟ್ರಿ ಪಾಯಿಂಟ್ ಎನ್ನುತ್ತೇವೆ. ಅಲ್ಲಿಂದ ಹೊರಟು ಯಾವುದು ಯಾವುದನ್ನು ಕರೆಯುತ್ತದೆಂದು ಎಳೆ ಹಿಡಿದು ಹೋಗುತ್ತದೆ. ಎಳೆ ಮುಟ್ಟದ್ದೆಲ್ಲ ಸತ್ತ ಕೋಡು, ಅಂದರೆ ಬಳಕೆಯಲ್ಲಿಲ್ಲದ್ದು. ಸಾಹೇಬರು ಡಾಕ್ಟರ ಲಾಗಿನ್ ಪರದೆಯೊಂದನ್ನೇ ತೋರಿಸಿದರು. ಮಿಸ್ ಕಾಲ್ ಕೋಡನ್ನು ಒಳಗಿನಿಂದ ಯಾರೂ ಕರೆಯುವುದಿಲ್ಲ, ಹೊರಗಿನಿಂದ ಫೋನ್ ಕಂಪನಿಯ ಯಂತ್ರ ಕರೆಯುತ್ತದೆ. ಹಾಗಾಗಿ ನಾನು ಬರೆದದ್ದೆಲ್ಲ ಸತ್ತವರ ಪಟ್ಟಿಯಲ್ಲಿತ್ತು.

“ಇದನ್ನ ನಾಳೆ ತೆಗೆದುಬಿಡಿ,” ಎಂದರು.

“ತೆಗಿಯಂಗಿಲ್ರಿ.”

“ರಿಪೋರ್ಟ್ ಸುಳ್ಳು ಹೇಳ್ತತೇನಮ್ಮ?”

“ಅದು ಸುಳ್ಳು ಹೇಳಿಲ್ರಿ. ನೀವು ತೋರ್ಸಿದ್ದ ಒಂದ ಬಾಗಿಲ. ನಮ್ಮ ಮನಿಗೆ ಹಿತ್ತಲ ಬಾಗಿಲಿಂದ ಬರೋರ ಜಾಸ್ತಿ. ಮುಂದಿನ ಬಾಗಿಲ ಅಷ್ಟ ನೋಡಿದ್ರ ಈ ಮನಿಗೆ ಯಾರೂ ಬರಂಗಿಲ್ಲ ಅಂತೀರಿ.”

ಹಾಗಾದರೆ ನಿಮ್ಮನ್ನೇ ಈ ಕೆಲಸದಿಂದ ತೆಗೆಯಬೇಕಾಗುತ್ತದೆ ಎಂದರು. ತೆಗೆಯಲಿ ಎಂದುಕೊಂಡೆ. ಸಿಟ್ಟು ನೆತ್ತಿಗೇರಿತ್ತು. ಅವರ ಕಣ್ಣೆದುರೇ, ಮಿಸ್ ಕಾಲ್ ಬಂದು ಬೀಳುವ ಜಾಗವನ್ನೂ ಎಂಟ್ರಿ ಪಾಯಿಂಟ್ ಎಂದು ಸೇರಿಸಿ ಟೂಲ್ ಮತ್ತೆ ಓಡಿಸಿದೆ.

ಸತ್ತದ್ದೆಲ್ಲ ಎದ್ದು ಕೂತಿತು, ನಾಲ್ಕು ಸಾಲು ಬಿಟ್ಟು. ಇಲ್ಲಿಗೆ ಯಾವ ದಾರಿಯಿಂದಲೂ ಬರಲಾಗದು ಎಂದು ಟೂಲ್ ಗುರುತು ಹಾಕಿತ್ತು. ಎರಡನೆಯ ಮಿಸ್ ಕಾಲ್ ಬಂದರೆ ತುರ್ತು ಎಂದು ಡಾಕ್ಟರಿಗೆ ತಿಳಿಸುವ ಸಾಲುಗಳು ಅವು. ಅವುಗಳ ಮೇಲಿನ ಸಾಲಿನಲ್ಲೇ ನಾನು, ಅದೇ ನಂಬರು ಮತ್ತೆ ಬಂದರೆ ಬಿಟ್ಟುಬಿಡು ಎಂದು ಬರೆದಿದ್ದೆ. ಎರಡನೆಯದು ಒಂದು ದಿನವೂ ಒಳಗೆ ಬಂದಿರಲಿಲ್ಲ.

ಸಾಹೇಬರು ನಕ್ಕರು. “ಇದಕ್ಕೇನಾ ಇಷ್ಟು ಜಗಳ?”

“ಇದಕ್ಕರಿ. ನಿಮ್ಮ ಮಾತು ಕೇಳಿ ಅಳಿಸಿದ್ರ ಇದು ಸಿಗತಿದ್ದಿಲ್ಲ,” ಎಂದೆ. ದನಿ ಇಳಿಸಲಿಲ್ಲ.

ಗುಡೇಕೋಟೆಯ ನನ್ನ ಚಿಗವ್ವ ಹಿಂದಿನ ತಿಂಗಳಷ್ಟೇ ಗಬ್ಬದ ಕುರಿ ಕಳೆದುಕೊಂಡಿದ್ದಳು. ಎರಡು ಸಲ ಕೊಟ್ಟೆ, ಡಾಕ್ಟರು ಮರುದಿನ ಬಂದರು ಎಂದು ಅತ್ತಿದ್ದಳು. ನಿನಗೆ ಫೋನ್ ಒತ್ತಲು ಬರುವುದಿಲ್ಲ ಎಂದು ನಾನೇ ಬೈದಿದ್ದೆ.

ಅಂದೇ ತಿದ್ದಿದೆ. ನನ್ನನ್ನು ತೆಗೆಯುವ ಮಾತು ಆಮೇಲೆ ಬರಲಿಲ್ಲ. ಎಂಟ್ರಿ ಪಾಯಿಂಟ್ ಪಟ್ಟಿಯಲ್ಲಿ ಈಗ ಮೊದಲ ಸಾಲು ಮಿಸ್ ಕಾಲ್‌ನದು, ಲಾಗಿನ್ ಪರದೆ ಅದರ ಕೆಳಗೆ. ಯಾರಾದರೂ ಮುಟ್ಟಲಿ, ನೋಡೋಣ.

ಆ ದಿನ ತಿದ್ದಿ ಮುಗಿಸಿದ ಕೂಡಲೇ ಚಿಗವ್ವನಿಗೆ ಫೋನ್ ಮಾಡಿದ್ದೆ.

“ತಪ್ಪು ನಂದ ಚಿಗವ್ವ. ನೀ ಎರಡು ಸಲ ಕೊಟ್ಟಿದ್ದಿ.”

“ನಾ ಅವತ್ತ ಹೇಳಿದ್ನಲ್ಲ,” ಎಂದಳು.